ತುರ್ತಿನ ಅಭ್ಯಾಸವೇ ಅಪಾಯವಾದಾಗ: ಹೆಲಿಕಾಪ್ಟರ್ ತರಬೇತಿ ಅಪಘಾತಗಳ ಒಂದು ಸಮೀಕ್ಷೆ

ಎಂಜಿನ್ ಕೈಕೊಟ್ಟರೆ, ಹೈಡ್ರಾಲಿಕ್ ವ್ಯವಸ್ಥೆ ಕೆಟ್ಟರೆ, ಬಾಲದ ರೋಟರ್ ನಿಂತರೆ ಏನು ಮಾಡಬೇಕೆಂಬುದನ್ನು ಹೆಲಿಕಾಪ್ಟರ್ ಕಲಿಯುವವರಿಗೆ ಬಾಯಿಮಾತಿನಲ್ಲಿ ಹೇಳಿಕೊಟ್ಟರೆ ಸಾಲದು, ಅಂಥ ಸ್ಥಿತಿಯನ್ನು ಗಾಳಿಯಲ್ಲೇ ಬೇಕೆಂದು ಉಂಟುಮಾಡಿ ಅದರಿಂದ ಪಾರಾಗುವ ಕ್ರಮವನ್ನು ಕೈಕಾಲಿಗೆ ರೂಢಿಯಾಗುವ ತನಕ ಮಾಡಿಸಬೇಕು ಎಂಬುದು ವಿಮಾನಯಾನ ಶಿಕ್ಷಣದಲ್ಲಿ ಬಹುಕಾಲದಿಂದ ನೆಲೆನಿಂತ ನಂಬಿಕೆ. ಬೋಧಕನು ಉದ್ದೇಶಪೂರ್ವಕವಾಗಿ ಸೃಷ್ಟಿಸುವ ಈ ಸ್ಥಿತಿಯನ್ನು ಕೃತಕ ತುರ್ತುಸ್ಥಿತಿ ಎನ್ನಬಹುದು. ಯಂತ್ರದಲ್ಲಿ ಯಾವ ದೋಷವೂ ಇಲ್ಲದಿದ್ದಾಗ, ದೋಷ ಬಂದರೆ ಬದುಕುವುದು ಹೇಗೆಂದು ಕಲಿಸುತ್ತಿರುವಾಗಲೇ ಯಂತ್ರ ನೆಲಕ್ಕಪ್ಪಳಿಸಿದ ಪ್ರಸಂಗಗಳು ಜಗತ್ತಿನ ಎಲ್ಲೆಡೆಯ ತನಿಖಾ ವರದಿಗಳಲ್ಲಿ ಮತ್ತೆ ಮತ್ತೆ ಕಾಣಸಿಗುತ್ತವೆ. ಈ ಅಭ್ಯಾಸ ಬೇಕೇ ಬೇಡವೇ ಎಂಬ ಚರ್ಚೆ ಹಳೆಯದು. ಯಾವುದನ್ನು ಗಾಳಿಯಲ್ಲಿ ಕಲಿಸಬೇಕು, ಯಾವುದನ್ನು ನೆಲದ ಮೇಲೆ ಕಲಿಸಬೇಕು, ಗಾಳಿಯಲ್ಲಿ ಕಲಿಸುವುದಾದರೆ ಯಾವ ಊರಿನಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಎತ್ತರವನ್ನು ಕೈಯಲ್ಲಿಟ್ಟುಕೊಂಡು ಕಲಿಸಬೇಕು ಎಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆ. ಕಲಬುರಗಿ ನಗರ ಮತ್ತು ಕಮಲಾಪುರದ ಸುತ್ತಣ ನೆಲ ಹಾಗೂ ಹವೆಯನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕಲಬುರಗಿಯ ಆಕಾಶ

ನಗರದ ಪೂರ್ವಕ್ಕೆ, ಶ್ರೀನಿವಾಸ ಸರಡಗಿಯ ಬಳಿ ಇರುವ ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಗೊಂಡಿತು. ಅದರ ರನ್‌ವೇಯ ಉದ್ದ 3,175 ಮೀಟರ್. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು 2021ರಲ್ಲಿ ಹಾರಾಟ ತರಬೇತಿ ಸಂಸ್ಥೆಗಳಿಗೆ ಜಾಗ ಕೊಡಲು ದೇಶದ ಐದು ನಿಲ್ದಾಣಗಳನ್ನು ಆರಿಸಿದಾಗ ಬೆಳಗಾವಿ, ಜಲಗಾಂವ್, ಖಜುರಾಹೊ, ಲೀಲಾಬರಿಗಳ ಜೊತೆಗೆ ಕಲಬುರಗಿಯೂ ಆ ಪಟ್ಟಿಯಲ್ಲಿತ್ತು. ಹವೆ ಬಹುಪಾಲು ದಿನ ತಿಳಿಯಾಗಿರುವುದು, ನಾಗರಿಕ ವಿಮಾನಗಳ ದಟ್ಟಣೆ ಕಡಿಮೆ ಇರುವುದು ಇಂಥ ಆಯ್ಕೆಗಳಿಗೆ ಕಾರಣ. ಇಲ್ಲಿ ನೆಲೆಯೂರಿರುವುದು ರೆಕ್ಕೆಯ ಸಣ್ಣ ವಿಮಾನಗಳ ತರಬೇತಿ. ಹೆಲಿಕಾಪ್ಟರ್ ತರಬೇತಿಯ ನೆಲೆಗಳು ಬೆಂಗಳೂರಿನ ಎಚ್‌ಎಎಲ್ ರೋಟರಿ ವಿಂಗ್ ಅಕಾಡೆಮಿ, ಯಲಹಂಕ ವಾಯುನೆಲೆ, ಹೈದರಾಬಾದ್ ಬಳಿಯ ಹಕೀಂಪೇಟೆ, ಭೂಸೇನೆಯ ನಾಸಿಕ್, ನೌಕಾಪಡೆಯ ಅರಕ್ಕೋಣಂ ಮುಂತಾದೆಡೆ ಇವೆ.

ಹಾಗೆಂದು ಹೆಲಿಕಾಪ್ಟರ್ ಈ ಭಾಗಕ್ಕೆ ಹೊಸತಲ್ಲ. ಚುನಾವಣೆ ಬಂದರೆ, ಭೀಮಾ ನದಿ ತುಂಬಿ ಹರಿದರೆ, ಮಂತ್ರಿಗಳ ಪ್ರವಾಸವಿದ್ದರೆ ಅದು ತಾಲ್ಲೂಕು ಕೇಂದ್ರದ ಮೈದಾನಕ್ಕೂ ಇಳಿಯುತ್ತದೆ. 2023ರ ಮಾರ್ಚ್ 6ರಂದು ಜೇವರ್ಗಿಯಲ್ಲಿ ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರಿದ್ದ ಹೆಲಿಕಾಪ್ಟರ್ ಇನ್ನೇನು ಇಳಿಯಬೇಕೆನ್ನುವಷ್ಟರಲ್ಲಿ ರೋಟರಿನ ಗಾಳಿಗೆ ಹೆಲಿಪ್ಯಾಡ್ ಸುತ್ತಲಿನ ಪ್ಲಾಸ್ಟಿಕ್ ಹಾಳೆ ಮತ್ತು ಕಸ ಎದ್ದು ಹಾರಾಡಿದವು. ಪೈಲಟ್ ಇಳಿಸುವುದನ್ನು ಕೈಬಿಟ್ಟು ಮತ್ತೆ ಮೇಲೇರಿ, ಮೈದಾನ ಚೊಕ್ಕಟವಾದ ಮೇಲೆ ಇಳಿಸಿದರು. ಇಳಿಯುವ ಕೆಲಸವನ್ನು ಅರ್ಧಕ್ಕೆ ಬಿಟ್ಟು ಮೇಲೇರುವ ಈ ತೀರ್ಮಾನಕ್ಕೆ ಎಂಜಿನಿನಲ್ಲಿ ಶಕ್ತಿ ಮತ್ತು ರೋಟರಿನಲ್ಲಿ ವೇಗ ಉಳಿದಿರಬೇಕು. ಕೃತಕ ತುರ್ತುಸ್ಥಿತಿಯಲ್ಲಿ ಬೋಧಕನು ಕಸಿದುಕೊಳ್ಳುವುದು ಇವೆರಡನ್ನೇ ಆದ್ದರಿಂದ ಅಭ್ಯಾಸದ ಅಪಾಯದ ಮೂಲವೂ ಅಲ್ಲಿಯೇ ಇದೆ.

ಆಟೋರೊಟೇಶನ್ ಅಭ್ಯಾಸದ ಒಳಗು

ಹೆಲಿಕಾಪ್ಟರಿನ ಎಂಜಿನ್ ನಿಂತರೆ ಅದು ಕಲ್ಲಿನಂತೆ ಬೀಳುವುದಿಲ್ಲ. ಪೈಲಟ್ ಎಡಗೈಯಲ್ಲಿ ಹಿಡಿದಿರುವ ಕಲೆಕ್ಟಿವ್ ಎಂಬ ಸನ್ನೆಯನ್ನು ತಕ್ಷಣ ಕೆಳಗೆ ಒತ್ತಿದರೆ ರೋಟರ್ ಅಲಗುಗಳ ಓರೆ ಕಡಿಮೆಯಾಗಿ, ಯಂತ್ರ ಇಳಿಯುತ್ತಿದ್ದಂತೆ ಕೆಳಗಿನಿಂದ ನುಗ್ಗುವ ಗಾಳಿ, ಶರಣಬಸವೇಶ್ವರ ಜಾತ್ರೆಯಲ್ಲಿ ಮಾರುವ ಗಿರಗಿಟ್ಲೆಯನ್ನು ತಿರುಗಿಸುವಂತೆ, ರೋಟರನ್ನು ತಿರುಗಿಸುತ್ತಲೇ ಇರುತ್ತದೆ. ಈ ಬಗೆಯ ಇಳಿತಕ್ಕೆ ಆಟೋರೊಟೇಶನ್ ಎಂದು ಹೆಸರು. ನೆಲ ಸಮೀಪಿಸಿದಾಗ ಮೂತಿಯನ್ನು ಮೇಲೆತ್ತಿ ಮುನ್ನುಗ್ಗುವ ವೇಗವನ್ನು ತಗ್ಗಿಸುವುದು ಫ್ಲೇರ್. ಕಟ್ಟಕಡೆಗೆ ಕಲೆಕ್ಟಿವ್ ಮೇಲೆಳೆದು ರೋಟರಿನಲ್ಲಿ ಉಳಿದ ತಿರುಗುವೇಗವನ್ನೆಲ್ಲ ಖರ್ಚುಮಾಡಿ ಮೆತ್ತಗೆ ನೆಲ ಮುಟ್ಟಿಸಬೇಕು. ಆ ವೇಗ ಒಮ್ಮೆ ಖರ್ಚಾದರೆ ಮತ್ತೆ ಸಿಗುವುದಿಲ್ಲ.

ಅಭ್ಯಾಸದಲ್ಲಿ ಎರಡು ಬಗೆ. ನೆಲಕ್ಕೆ ಕೆಲವೇ ಅಡಿ ಇರುವಾಗ ಎಂಜಿನ್ ಶಕ್ತಿಯನ್ನು ಮರಳಿ ಕೊಟ್ಟು ಯಂತ್ರವನ್ನು ನೆಲದ ಮೇಲ್ಗಡೆ ತೇಲಿಸಿ ನಿಲ್ಲಿಸುವುದು ಒಂದು, ಶಕ್ತಿ ಕೊಡದೆ ನೆಲ ಮುಟ್ಟಿಸಿ ಜಾರಿಸಿ ನಿಲ್ಲಿಸುವುದು ಇನ್ನೊಂದು. ಮೊದಲನೆಯದು ಸುರಕ್ಷಿತವೆಂದು ತೋರಿದರೂ ಎಂಜಿನ್ ಶಕ್ತಿಯನ್ನು ಏರಿಳಿಸುವ ಥ್ರಾಟಲ್ ತಿರುವುವುದು ಅರೆಗಳಿಗೆ ತಡವಾದರೆ, ಅಥವಾ ರೋಟರಿನ ವೇಗ ಕುಸಿದ ಮೇಲೆ ಶಕ್ತಿ ಕೊಟ್ಟರೆ, ಅಪಘಾತದಲ್ಲೇ ಮುಗಿಯಬಹುದು. ಎರಡನೆಯದರಲ್ಲಿ ನೆಲದ ಗುಣವೇ ನಿರ್ಣಾಯಕ.

ತರಬೇತಿಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಎರಡು ಆಸನಗಳ ರಾಬಿನ್ಸನ್ ಆರ್-22 ಈ ವಿಷಯದಲ್ಲಿ ಹೆಚ್ಚು ಪರಿಶೀಲನೆಗೊಳಗಾದ ಯಂತ್ರ. ಅದರ ರೋಟರ್ ಹಗುರವಾದ್ದರಿಂದ ಶಕ್ತಿ ನಿಂತೊಡನೆ ತಿರುಗುವೇಗ ಬಹುಬೇಗ ಇಳಿಯುತ್ತದೆ. ಸಾಮಾನ್ಯ ಹಾರಾಟದಲ್ಲಿ ರೋಟರ್ ನಿಮಿಷಕ್ಕೆ ಸುಮಾರು 530 ಸುತ್ತು, ಅಂದರೆ ಅಳತೆಯ ಮುಳ್ಳಿನಲ್ಲಿ ಶೇ 104, ತಿರುಗುತ್ತಿರುತ್ತದೆ. ಶೇ 97ಕ್ಕೆ ಇಳಿದಾಗ ಎಚ್ಚರಿಕೆಯ ಸದ್ದು ಕೇಳುತ್ತದೆ. ಶೇ 80 ಮತ್ತು ಅದಕ್ಕೆ ಪ್ರತಿ ಸಾವಿರ ಅಡಿ ಎತ್ತರಕ್ಕೆ ಶೇ 1 ಕೂಡಿಸಿದಷ್ಟಕ್ಕಿಂತ ಕೆಳಗಿಳಿದರೆ ಅಲಗುಗಳು ಗಾಳಿಯ ಮೇಲಿನ ಹಿಡಿತ ಕಳೆದುಕೊಳ್ಳುತ್ತವೆ, ಆಮೇಲೆ ಚೇತರಿಕೆ ಸಾಧ್ಯವಿಲ್ಲ ಎಂಬುದು ಪೈಲಟ್‌ಗಳಿಗೆ ಕಲಿಸುವ ಸೂತ್ರ. ಸದ್ದಿಗೂ ಆ ಗೆರೆಗೂ ನಡುವೆ ಇರುವುದು ಒಂದೆರಡು ಸೆಕೆಂಡು ಮಾತ್ರ. ಮುನ್ಸೂಚನೆಯಿಲ್ಲದೆ ಬೋಧಕ ಥ್ರಾಟಲ್ ಮುಚ್ಚಿದಾಗ ಗಾಬರಿಗೊಂಡ ಕಲಿಯುವವ ಕಲೆಕ್ಟಿವ್ ಒತ್ತುವ ಬದಲು ಸ್ತಬ್ಧನಾಗಬಹುದು ಅಥವಾ ಅದನ್ನೇ ಮೇಲಕ್ಕೆಳೆಯಬಹುದು. ಆಗ ಬೋಧಕನ ಕೈ ಮುಂದಾಗುವುದರೊಳಗೆ ಕಾಲ ಮಿಂಚಿರುತ್ತದೆ. ಹೀಗೆ ಹಠಾತ್ತನೆ ಥ್ರಾಟಲ್ ಮುಚ್ಚುವುದು ಪ್ರಾಣಾಂತಿಕವಾಗಬಹುದೆಂದು ತಯಾರಕ ಸಂಸ್ಥೆ 1987ರಲ್ಲೇ ಸುರಕ್ಷತಾ ಸೂಚನೆ ಹೊರಡಿಸಿತು. 1995ರಲ್ಲಿ ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತ ಈ ಯಂತ್ರ ಮತ್ತು ಅದರ ಸಹೋದರ ಮಾದರಿ ಆರ್-44ಗಾಗಿಯೇ ವಿಶೇಷ ನಿಯಮ ತಂದು, ಬೋಧಕರೂ ಪೈಲಟ್‌ಗಳೂ ಹೆಚ್ಚುವರಿ ತರಬೇತಿ ಪಡೆಯಬೇಕೆಂದು ವಿಧಿಸಿತು.

ತಯಾರಕ ಸಂಸ್ಥೆ 2003ರಲ್ಲಿ ಹೊರಡಿಸಿ ಮರುವರ್ಷ ಪರಿಷ್ಕರಿಸಿದ ಇನ್ನೊಂದು ಸೂಚನೆ ಆಟೋರೊಟೇಶನ್ ಅಭ್ಯಾಸದಿಂದಲೇ ಅನೇಕ ತರಬೇತಿ ಅಪಘಾತಗಳು ಆಗುತ್ತಿವೆ ಎಂದು ನೇರವಾಗಿ ಹೇಳುತ್ತದೆ. ಬಹು ಅಪರೂಪಕ್ಕೆ ಆಗುವ ಎಂಜಿನ್ ವೈಫಲ್ಯವನ್ನು ಎದುರಿಸಲು ಕಲಿಯುತ್ತ ಪ್ರತಿ ವರ್ಷ ಎಷ್ಟೋ ಹೆಲಿಕಾಪ್ಟರ್‌ಗಳು ಹಾಳಾಗುತ್ತಿವೆ ಎಂಬುದು ಅದರ ಸಾರ. ನೆಲದಿಂದ 100 ಅಡಿಗೆ ಇಳಿಯುವ ಹೊತ್ತಿಗೆ ರೋಟರ್ ವೇಗ, ಹಾರಾಟದ ವೇಗ, ಇಳಿಯುವ ಗತಿ ಎಲ್ಲವೂ ಹದದಲ್ಲಿದ್ದು ತಿರುವು ಮುಗಿದಿರಬೇಕು, ಒಂದು ತಪ್ಪಿದರೂ ತಕ್ಷಣ ಶಕ್ತಿ ಕೊಟ್ಟು ಮೇಲೇರಬೇಕು ಎಂಬುದು ಅದರ ಮೊದಲ ವಿಧಿ. ಒಂದರ ಹಿಂದೊಂದು ಹಲವು ಸಲ ಅಭ್ಯಾಸ ಮಾಡಿದ ಮೇಲೆ ಅಪಘಾತಗಳು ಹೆಚ್ಚುವುದರಿಂದ ಮೂರು ನಾಲ್ಕಕ್ಕೇ ನಿಲ್ಲಿಸಬೇಕು ಎಂಬುದು ಎರಡನೆಯದು. ಸಾಂದ್ರತಾ ಎತ್ತರ 4,000 ಅಡಿ ಮೀರಿದ್ದರೆ ಆ ನಿರ್ಣಯದ ಮಟ್ಟವನ್ನು 100ರ ಬದಲು 200 ಅಡಿಗೋ ಅದಕ್ಕೂ ಮೇಲಕ್ಕೋ ಏರಿಸಬೇಕು ಎಂಬುದು ಮೂರನೆಯದು. ಕಲಬುರಗಿಯ ಮಟ್ಟಿಗೆ ಈ ಮೂರನೆಯ ವಿಧಿ ಬಹಳ ಮುಖ್ಯ.

ಬಿಸಿಲು ಮತ್ತು ಎರೆ ಭೂಮಿ

ಗಾಳಿ ಕಾದಷ್ಟೂ ತೆಳುವಾಗುತ್ತದೆ. ತೆಳುವಾದ ಗಾಳಿಯಲ್ಲಿ ಯಂತ್ರವು ತಾನು ನಿಜವಾಗಿ ಇರುವ ಎತ್ತರಕ್ಕಿಂತ ಮೇಲಿದ್ದಂತೆ ವರ್ತಿಸುತ್ತದೆ. ಯಂತ್ರದ ಪಾಲಿಗೆ ಅನುಭವಕ್ಕೆ ಬರುವ ಈ ಎತ್ತರವೇ ಸಾಂದ್ರತಾ ಎತ್ತರ. ಕಲಬುರಗಿ ನಗರ ಸಮುದ್ರಮಟ್ಟದಿಂದ ಸುಮಾರು 454 ಮೀಟರ್, ಅಂದರೆ 1,500 ಅಡಿಗಳಷ್ಟು ಎತ್ತರದಲ್ಲಿದೆ. ವಾಯುಮಂಡಲದ ಸಾಮಾನ್ಯ ಒತ್ತಡವನ್ನು ಹಿಡಿದು ಲೆಕ್ಕ ಹಾಕಿದರೆ, ಜನವರಿಯ ಬೆಳಗ್ಗೆ ಉಷ್ಣಾಂಶ 16 ಡಿಗ್ರಿ ಸೆಲ್ಸಿಯಸ್ ಇದ್ದಾಗ ಇಲ್ಲಿನ ಸಾಂದ್ರತಾ ಎತ್ತರ ಸುಮಾರು 2,000 ಅಡಿ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ತಲುಪಿದಾಗ ಅದು 4,800 ಅಡಿ ದಾಟುತ್ತದೆ. ಎರಡರ ನಡುವೆ ಗಾಳಿಯ ಸಾಂದ್ರತೆ ಶೇ 8ರಷ್ಟು ಇಳಿದಿರುತ್ತದೆ. ಅದೇ ಲೆಕ್ಕದಲ್ಲಿ ಉಷ್ಣಾಂಶ 34 ಡಿಗ್ರಿ ಮೀರಿದೊಡನೆ 4,000 ಅಡಿಯ ಗೆರೆ ದಾಟಿದಂತೆ. ಈ ಭಾಗದಲ್ಲಿ ಮಾರ್ಚ್‌ನಿಂದ ಮುಂಗಾರು ಕಾಲಿಡುವವರೆಗೆ ಬಹುತೇಕ ಪ್ರತಿ ಮಧ್ಯಾಹ್ನವೂ ಆ ಗೆರೆಯ ಆಚೆಗೇ ಇರುತ್ತದೆ.

ಇದರ ಪರಿಣಾಮಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಆರ್-22ರ ಸೂತ್ರದಂತೆ ರೋಟರ್ ಹಿಡಿತ ತಪ್ಪುವ ಗೆರೆ ಶೇ 82ರಿಂದ ಶೇ 85ರ ಹತ್ತಿರಕ್ಕೆ ಏರುತ್ತದೆ, ಅಂದರೆ ತಪ್ಪು ತಿದ್ದಿಕೊಳ್ಳುವ ಅಂತರ ಕಿರಿದಾಗುತ್ತದೆ. ವೇಗಮಾಪಕದಲ್ಲಿ ಅದೇ ಅಂಕಿ ಕಂಡರೂ ನೆಲದ ಮೇಲಿನ ನಿಜವಾದ ವೇಗ ಹೆಚ್ಚಿರುತ್ತದೆ. ಆದ್ದರಿಂದ ಫ್ಲೇರ್ ಬೇಗ ಆರಂಭಿಸಬೇಕು, ನೆಲ ಮುಟ್ಟಿದ ಮೇಲೆ ಜಾರುವ ದೂರವೂ ಹೆಚ್ಚು. ಶಕ್ತಿ ಮರಳಿ ಕೊಟ್ಟಾಗ ಎಂಜಿನ್ ಕೂಡ ತೆಳುಗಾಳಿಯಿಂದ ಸೊರಗಿರುತ್ತದೆ. ಚಳಿಗಾಲದ ಬೆಳಗ್ಗೆ ನೂರು ಸಲ ಸರಿಯಾಗಿ ಮಾಡಿದ ಅಭ್ಯಾಸ ಬೇಸಿಗೆಯ ಮಧ್ಯಾಹ್ನ, ಅದೇ ಕೈ, ಅದೇ ಯಂತ್ರ, ಅದೇ ಮೈದಾನದಲ್ಲಿ ತಪ್ಪಲು ಇಷ್ಟು ಸಾಕು.

ನೆಲದ ಮಾತು ಬೇರೆ. ಜಿಲ್ಲೆಯ ದೊಡ್ಡ ಪಾಲು ತೊಗರಿ ಬೆಳೆಯುವ ಎರೆ ಭೂಮಿ. ಬೇಸಿಗೆಯಲ್ಲಿ ಅದು ಕಾಲು ಸಿಕ್ಕುವಷ್ಟು ಅಗಲವಾಗಿ ಬಿರುಕು ಬಿಡುತ್ತದೆ, ಮಳೆ ಬಿದ್ದ ಮೇಲೆ ಗಾಲಿಯನ್ನೂ ಕಾಲನ್ನೂ ಹಿಡಿದುಕೊಳ್ಳುತ್ತದೆ. ಸ್ಕಿಡ್ ಎಂಬ ಉದ್ದನೆಯ ಲೋಹದ ಕೊಳವೆಗಳ ಮೇಲೆ ನಿಲ್ಲುವ ಸಣ್ಣ ಹೆಲಿಕಾಪ್ಟರ್ ಜಾರುತ್ತ ಇಳಿಯುವಾಗ ಒಂದು ಸ್ಕಿಡ್ ಬಿರುಕಿಗೋ ಬದುವಿಗೋ ಸಿಕ್ಕಿಕೊಂಡರೆ ಇಡೀ ಯಂತ್ರ ಆ ಬಿಂದುವಿನ ಸುತ್ತ ಪಕ್ಕಕ್ಕೆ ವಾಲುತ್ತದೆ. ಒಂದು ಮಿತಿ ದಾಟಿದ ಮೇಲೆ ರೋಟರಿನ ಎಳೆತವೇ ಅದನ್ನು ಉರುಳಿಸಿಬಿಡುತ್ತದೆ. ಇದಕ್ಕೆ ಡೈನಾಮಿಕ್ ರೋಲೋವರ್ ಎನ್ನುತ್ತಾರೆ. ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ 35-40 ಕಿಲೋಮೀಟರ್ ದೂರದ ಕಮಲಾಪುರ, ಭೌಗೋಳಿಕ ಗುರುತು ಪಡೆದ ಕೆಂಪು ಬಾಳೆಗೆ ಹೆಸರಾದ ಊರು, ಬೇರೊಂದು ಬಗೆಯ ನೆಲವನ್ನು ಮುಂದಿಡುತ್ತದೆ: ಏರುತಗ್ಗು, ಕಲ್ಲು, ತೋಟಗಳು ಮತ್ತು ಅವುಗಳ ಪಂಪ್‌ಸೆಟ್‌ಗಳಿಗೆ ಹೋಗುವ ವಿದ್ಯುತ್ ತಂತಿಗಳು. ಮೇಲಿನಿಂದ ಬಯಲಿನಂತೆ ಕಾಣುವ ತುಂಡು ಹೊಲದ ನಡುವೆ ತಂತಿ ಹಾದುಹೋಗಿರುವುದು ಇಳಿಯಲು ಕೊನೆಯ ಕ್ಷಣಗಳಷ್ಟೇ ಉಳಿದಿರುವಾಗ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಈ ಭಾಗದಲ್ಲಿ ನೆಲ ಮುಟ್ಟುವವರೆಗಿನ ಅಭ್ಯಾಸಕ್ಕೆ ತಕ್ಕ ಜಾಗ ಸರಡಗಿಯ ರನ್‌ವೇ ಒಂದೇ. ಹೊಲದ ಮೇಲೆ ಮಾಡಬಹುದಾದುದು ಜಾಗ ಆರಿಸುವ ಅಭ್ಯಾಸ, ಅದೂ ಸಾಕಷ್ಟು ಎತ್ತರದಲ್ಲೇ ಮುಗಿಯಬೇಕಾದದ್ದು.

ನಿಜವಾದ ತುರ್ತು ಬಂದಾಗ ಹೊಲವೇ ಗತಿ ಎಂಬುದೂ ನಿಜ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹೊರಟ ತರಬೇತಿ ವಿಮಾನ ತಾಂತ್ರಿಕ ದೋಷದಿಂದ ಹೊನ್ನಿಹಾಳ ಬಳಿಯ ಹೊಲಕ್ಕಿಳಿದಾಗ ಅದರಲ್ಲಿದ್ದ ಇಬ್ಬರೂ ಬದುಕಿ ಉಳಿದರು. ಹೊಲಕ್ಕಿಳಿಯುವ ವಿದ್ಯೆಯನ್ನು ಕಲಿಸದೆ ಬಿಡುವಂತಿಲ್ಲ. ಕಲಿಸುವುದಕ್ಕಾಗಿ ಪ್ರತಿ ಸಲ ಹೊಲದವರೆಗೆ ಹೋಗಬೇಕಾಗಿಯೂ ಇಲ್ಲ.

ಉಳಿದ ಅಭ್ಯಾಸಗಳು

ಆಟೋರೊಟೇಶನ್ ಬಿಟ್ಟರೆ ಹೆಚ್ಚು ಅಪಾಯಕ್ಕೆಡೆ ಮಾಡಿಕೊಡುವುದು ಹೈಡ್ರಾಲಿಕ್ ನೆರವನ್ನು ಬೇಕೆಂದು ಸ್ಥಗಿತಗೊಳಿಸುವ ಅಭ್ಯಾಸ. ಫ್ರಾನ್ಸ್ ಮೂಲದ ಎಎಸ್-350 ವರ್ಗದ ಹೆಲಿಕಾಪ್ಟರ್‌ಗಳಲ್ಲಿ ಹೈಡ್ರಾಲಿಕ್ ಇಲ್ಲದಾಗ ಹಿಡಿಕೆಗಳು ತುಂಬ ಭಾರವಾಗುತ್ತವೆ, ವೇಗ ತಗ್ಗಿದಷ್ಟೂ ಆ ಭಾರವನ್ನು ತಡೆದುಕೊಳ್ಳುವುದು ಕಷ್ಟವಾಗುತ್ತದೆ. ಆದ್ದರಿಂದ ಮುಂದಕ್ಕೆ ಸಾಗುತ್ತಲೇ ಜಾರಿಸಿ ಇಳಿಸಬೇಕು, ನಿಂತಲ್ಲೇ ತೇಲಲು ಹೋಗಬಾರದು. ಬಾಲದ ರೋಟರ್ ವೈಫಲ್ಯದ ಅಭ್ಯಾಸಕ್ಕೂ ಜಾರಿಸಿ ಇಳಿಸಲು ಉದ್ದನೆಯ ಗಟ್ಟಿ ನೆಲ ಬೇಕು. ತನ್ನದೇ ರೋಟರ್ ಕೆಳಗೆ ತಳ್ಳಿದ ಗಾಳಿಯ ಸುಳಿಯಲ್ಲಿ ಯಂತ್ರ ಕುಸಿಯುವ ವೋರ್ಟೆಕ್ಸ್ ರಿಂಗ್ ಸ್ಥಿತಿಯನ್ನು ತೋರಿಸುವುದು ಹೆಚ್ಚು ಎತ್ತರದಲ್ಲಿ ನಿರಪಾಯಕಾರಿ, ನೆಲದ ಸಮೀಪ ಆತ್ಮಘಾತಕ. ಎರಡು ಎಂಜಿನ್‌ಗಳ ಆಧುನಿಕ ಹೆಲಿಕಾಪ್ಟರ್‌ಗಳಲ್ಲಿ ಒಂದನ್ನು ನಿಜವಾಗಿ ನಿಲ್ಲಿಸದೆ ಎರಡರ ಶಕ್ತಿಯನ್ನೂ ಮಿತಗೊಳಿಸಿ ಒಂದೇ ಇದ್ದಂತೆ ತೋರಿಸುವ ತರಬೇತಿ ವಿಧಾನವನ್ನು ಅಳವಡಿಸಲಾಗಿದೆ. ರೋಟರ್ ವೇಗ ಮಿತಿಗಿಂತ ಕುಸಿದರೆ ಪೂರ್ಣ ಶಕ್ತಿ ಮರಳುತ್ತದೆ. ಪಾರಾಗುವ ದಾರಿಯನ್ನು ಯಂತ್ರದೊಳಗೇ ಕಾಯ್ದಿರಿಸಿರುವುದು ಇದರ ವಿಶೇಷ.

ಭಾರತದ ಎರಡು ಪಾಠಗಳು

ತರಬೇತಿಯ ಹೊತ್ತಿನ ಎಲ್ಲ ಅಪಘಾತಗಳೂ ಈ ಪ್ರಶ್ನೆಯ ವ್ಯಾಪ್ತಿಗೆ ಬರುವುದಿಲ್ಲ. 2007ರ ಫೆಬ್ರುವರಿ 2ರಂದು ಯಲಹಂಕದಲ್ಲಿ ಏರೋ ಇಂಡಿಯಾ ತಾಲೀಮಿನ ವೇಳೆ ಸಾರಂಗ್ ತಂಡದ ಧ್ರುವ್ ಹೆಲಿಕಾಪ್ಟರ್ ಬಿದ್ದು ಸ್ಕ್ವಾಡ್ರನ್ ಲೀಡರ್ ಪ್ರಿಯೆ ಶರ್ಮಾ ಮೃತಪಟ್ಟದ್ದು, 2012ರ ಆಗಸ್ಟ್ 30ರಂದು ಜಾಮ್‌ನಗರದ ಬಳಿ ಎರಡು ಎಂಐ-17 ಹೆಲಿಕಾಪ್ಟರ್‌ಗಳು ಡಿಕ್ಕಿಯಾಗಿ ಒಂಬತ್ತು ಮಂದಿ ಸತ್ತದ್ದು ಪ್ರದರ್ಶನ ಮತ್ತು ಜತೆ ಹಾರಾಟದ ಅಪಾಯಗಳಿಗೆ ಸೇರಿದವು. ಕೃತಕ ತುರ್ತುಸ್ಥಿತಿಯ ಪಾಠ ಸ್ಪಷ್ಟವಾಗಿ ಸಿಗುವುದು ರೆಕ್ಕೆಯ ವಿಮಾನಗಳ ಎರಡು ದಾಖಲೆಗಳಲ್ಲಿ.

ಮೊದಲನೆಯದು 1994ರ ಮಾರ್ಚ್ 8ರಂದು ದೆಹಲಿಯಲ್ಲಿ ನಡೆದದ್ದು. ಸಹಾರಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದಲ್ಲಿ ಒಬ್ಬ ಬೋಧಕ ಮತ್ತು ಮೂವರು ಕಲಿಯುವ ಪೈಲಟ್‌ಗಳು ಇಳಿದು ತಕ್ಷಣ ಏರುವ ಅಭ್ಯಾಸ ನಡೆಸುತ್ತಿದ್ದರು. ಏರುವಾಗ ಒಂದು ಎಂಜಿನ್ ವಿಫಲವಾದಂತೆ ಮಾಡಿದಾಗ ಕಲಿಯುವ ಪೈಲಟ್, ಮೂತಿಯನ್ನು ಪಕ್ಕಕ್ಕೆ ತಿರುಗಿಸುವ ರಡ್ಡರಿನ ತಪ್ಪು ಬದಿಯ ಪೆಡಲ್ ಒತ್ತಿದ್ದರಿಂದ ವಿಮಾನ ವಾಲಿ, ನಿಂತಿದ್ದ ಏರೋಫ್ಲಾಟ್‌ನ ಐಎಲ್-86 ವಿಮಾನದ ಮೇಲೆ ಬಿತ್ತು; ನೆಲದಲ್ಲಿದ್ದವರೂ ಸೇರಿ ಒಂಬತ್ತು ಮಂದಿ ಸತ್ತರು. ತಪ್ಪು ರಡ್ಡರ್ ಕಾರಣವೆಂದು ಹೇಳಿದ ತನಿಖೆ, ಬೋಧಕ ತನ್ನ ಕಾಲಿನಿಂದ ಆ ಪೆಡಲನ್ನು ಕಾಯ್ದುಕೊಂಡಿರಲಿಲ್ಲ, ಸ್ಪಷ್ಟ ಆದೇಶ ಕೊಟ್ಟಿರಲಿಲ್ಲ ಎಂಬುದನ್ನೂ ಸೇರಿಸಿತು. ಕಲಿಯುವವನು ತಪ್ಪು ಮಾಡುತ್ತಾನೆ ಎಂಬುದನ್ನು ಅಭ್ಯಾಸದ ಯೋಜನೆಯಲ್ಲೇ ಸೇರಿಸಿಕೊಂಡಿರಬೇಕು. ಅವನು ಸರಿಯಾಗಿ ಮಾಡಿದರೆ ಮಾತ್ರ ಬದುಕುವಂಥ ಅಭ್ಯಾಸ ಬೋಧನೆ ಎನಿಸುವುದಿಲ್ಲ.

ಎರಡನೆಯದು 2009ರ ಮಾರ್ಚ್ 6ರಂದು ಬಿಡದಿಯ ಬಳಿ ನಡೆದದ್ದು. ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದ ಸಾರಸ್ ವಿಮಾನದ ಎರಡನೆಯ ಮಾದರಿಯ ಪರೀಕ್ಷಾ ಹಾರಾಟದಲ್ಲಿ ಒಂದು ಎಂಜಿನ್ನನ್ನು ಬೇಕೆಂದೇ ನಿಲ್ಲಿಸಿ ಗಾಳಿಯಲ್ಲಿ ಮರುಚಾಲನೆ ಮಾಡುವ ಕ್ರಮವನ್ನು ಪರೀಕ್ಷಿಸಲಾಗುತ್ತಿತ್ತು. ವಿಮಾನ ನಿಯಂತ್ರಣ ತಪ್ಪಿ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ಅಸುನೀಗಿದರು. ವಿನ್ಯಾಸಕರು ರೂಪಿಸಿದ ಮರುಚಾಲನೆಯ ಕ್ರಮವೇ ಸರಿಯಿರಲಿಲ್ಲ, ಅದನ್ನು ಸಾಕಷ್ಟು ಎತ್ತರವಿಲ್ಲದೆ ಅನುಸರಿಸಲಾಯಿತು ಎಂದು ತನಿಖೆ ತೀರ್ಮಾನಿಸಿತು. ಇದು ತರಬೇತಿಯಲ್ಲ, ಪರೀಕ್ಷೆ. ಆದರೆ ಅನುಭವಿ ಪೈಲಟ್‌ಗಳಿದ್ದೂ ಬರೆದಿಟ್ಟ ಕ್ರಮ ತಪ್ಪಾಗಿದ್ದರೆ, ಎತ್ತರ ಸಾಲದಿದ್ದರೆ ಕೌಶಲ ಉಳಿಸುವುದಿಲ್ಲವೆಂಬುದನ್ನು ಇದು ತೋರಿಸುತ್ತದೆ.

ನೆಲದ ಮೇಲೆ ಕಲಿಸುವ ದಾರಿ

1967ರ ಮಾರ್ಚ್ 30ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಎರಡು ಎಂಜಿನ್ ಕೆಟ್ಟಂತೆ ನಟಿಸಿ ಇಳಿಯುತ್ತಿದ್ದ ಡೆಲ್ಟಾ ಸಂಸ್ಥೆಯ ಡಿಸಿ-8 ವಿಮಾನ ಜನವಸತಿಯ ಮೇಲೆ ಬಿದ್ದು 19 ಮಂದಿ ಸತ್ತರು. 2010ರ ಮಾರ್ಚ್ 22ರಂದು ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಏರುವಾಗಲೇ ಒಂದು ಎಂಜಿನ್ ವಿಫಲವಾದಂತೆ ಮಾಡಿದ ಬ್ರೆಸೀಲಿಯಾ ವಿಮಾನ ಇಬ್ಬರು ಪೈಲಟ್‌ಗಳನ್ನೂ ಬಲಿ ತೆಗೆದುಕೊಂಡಿತು. ನಿಜವಾದ ಎಂಜಿನ್ ವೈಫಲ್ಯ ವಿರಳವಾಗುತ್ತ ಬಂದಂತೆ ಅದರ ಅಭ್ಯಾಸ ತೆಗೆದುಕೊಳ್ಳುವ ಬಲಿ ಎದ್ದು ಕಾಣತೊಡಗಿದ್ದರಿಂದ ದೊಡ್ಡ ವಿಮಾನಗಳಲ್ಲಿ ಇಂಥ ತರಬೇತಿ ಸಿಮ್ಯುಲೇಟರ್‌ಗೆ, ಅಂದರೆ ಹಾರಾಟವನ್ನು ನೆಲದ ಮೇಲೆಯೇ ಅನುಕರಿಸುವ ಯಂತ್ರಕ್ಕೆ, ಸ್ಥಳಾಂತರಗೊಂಡಿತು. 1980ರ ದಶಕದಲ್ಲಿ ಅಮೆರಿಕದ ಭೂಸೇನೆಯೂ ಇದೇ ಲೆಕ್ಕಾಚಾರದಿಂದ ನೆಲ ಮುಟ್ಟುವವರೆಗಿನ ಆಟೋರೊಟೇಶನ್ ಅಭ್ಯಾಸವನ್ನು ಬಹುಮಟ್ಟಿಗೆ ಕೈಬಿಟ್ಟಿತು.

ಕರ್ನಾಟಕದಲ್ಲಿ ಸಿಮ್ಯುಲೇಟರ್ ಸೌಲಭ್ಯ ಇಲ್ಲದಿಲ್ಲ. ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಸಂಸ್ಥೆಗಳ ಜಂಟಿ ಉದ್ಯಮವಾಗಿ 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹ್ಯಾಟ್ಸಾಫ್ ಅಕಾಡೆಮಿ ಧ್ರುವ್, ಡಾಫಿನ್, ಬೆಲ್-412 ಹೆಲಿಕಾಪ್ಟರ್‌ಗಳ ಪೈಲಟ್‌ಗಳಿಗೆ ತುರ್ತುಸ್ಥಿತಿಯ ತರಬೇತಿಯನ್ನು ಸಿಮ್ಯುಲೇಟರ್‌ನಲ್ಲೇ ಕೊಡುವ ಕೇಂದ್ರ. ಆದರೆ ಇಂಥ ಯಂತ್ರಗಳು ದುಬಾರಿ. ಮೊದಲ ಪಾಠ ಕಲಿಯುವ ಸಣ್ಣ ಹೆಲಿಕಾಪ್ಟರ್‌ಗಳ ವಿದ್ಯಾರ್ಥಿಗೆ ಅವು ಸುಲಭಕ್ಕೆ ದಕ್ಕುವುದಿಲ್ಲ. ಅಲ್ಲದೆ ನೆಲ ಮೇಲೆದ್ದು ಬರುವ ಆ ಕೊನೆಯ ಕ್ಷಣಗಳ ಅಂದಾಜನ್ನು ಪರದೆಯ ಚಿತ್ರ ಇನ್ನೂ ಪೂರ್ತಿಯಾಗಿ ಕೊಡಲಾರದು. ಆದ್ದರಿಂದ ತೀರ್ಮಾನಗಳ ಕ್ರಮ, ಒಂದರ ಮೇಲೊಂದು ಬರುವ ದೋಷಗಳು, ಬಾಲದ ರೋಟರ್ ಪೂರ್ತಿ ಕಳಚುವಂಥ ವಿಪರೀತ ಸ್ಥಿತಿಗಳು ಸಿಮ್ಯುಲೇಟರ್‌ಗೆ ಸೇರಬೇಕು. ಕಲೆಕ್ಟಿವ್ ಒತ್ತುವ ಮೊದಲ ಪ್ರತಿಕ್ರಿಯೆ, ಇಳಿತದ ಹದ, ಕಣ್ಣಿನ ಅಂದಾಜು ಇವು ಎತ್ತರವನ್ನು ಕಾಯ್ದುಕೊಂಡ ನಿಜವಾದ ಹಾರಾಟಕ್ಕೆ ಸೇರಬೇಕು.

ಸಮಾರೋಪ

ಮೇಲಿನ ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕೃತಕ ತುರ್ತುಸ್ಥಿತಿ ಅಪಘಾತವಾಗುವುದು ನಿಜವಾದ ತುರ್ತುಸ್ಥಿತಿ ಕಸಿಯುವ ಎತ್ತರ, ಸಮಯ ಮತ್ತು ರೋಟರ್ ವೇಗವನ್ನೇ ಅಭ್ಯಾಸವೂ ಕಸಿದಾಗ ಎಂಬುದು ಖಚಿತವಾಗುತ್ತದೆ. 2012ರಲ್ಲಿ ರೂಪುಗೊಂಡ ದೇಶದ ವಿಮಾನ ಅಪಘಾತ ತನಿಖಾ ಸಂಸ್ಥೆಯ ಧ್ಯೇಯ ತಪ್ಪಿತಸ್ಥರನ್ನು ಹುಡುಕುವುದಲ್ಲ, ಮುಂದಿನ ಅಪಘಾತ ತಡೆಯುವುದು. 1934ರ ಕಾಯ್ದೆಯ ಜಾಗಕ್ಕೆ ಬಂದು 2025ರ ಜನವರಿ 1ರಿಂದ ಜಾರಿಯಲ್ಲಿರುವ ಭಾರತೀಯ ವಾಯುಯಾನ ಅಧಿನಿಯಮದಡಿಯೂ ತರಬೇತಿಯ ಸುರಕ್ಷತೆ ಹೊಸ ಚರ್ಚೆಗೆ ಅವಕಾಶ ಪಡೆದಿದೆ. ಆ ಚರ್ಚೆ ದೇಶಕ್ಕೆಲ್ಲ ಒಂದೇ ನಿಯಮ ಬರೆಯುವುದರಲ್ಲಿ ಮುಗಿಯಬಾರದು. ಮುಂದೊಂದು ದಿನ ಹೆಲಿಕಾಪ್ಟರ್ ತರಬೇತಿ ಕಲಬುರಗಿಗೂ ಬರುವುದಾದರೆ, ಉಷ್ಣಾಂಶ 34 ಡಿಗ್ರಿ ದಾಟಿದ ಮೇಲೆ ಆಟೋರೊಟೇಶನ್ ಅಭ್ಯಾಸವನ್ನು ನಿಲ್ಲಿಸುವುದು ಇಲ್ಲವೇ ನಿರ್ಣಯದ ಮಟ್ಟವನ್ನು 200 ಅಡಿಯ ಮೇಲಕ್ಕೇರಿಸುವುದು, ನೆಲ ಮುಟ್ಟುವ ಅಭ್ಯಾಸವನ್ನು ರನ್‌ವೇಗೆ ಮಾತ್ರ ಸೀಮಿತಗೊಳಿಸುವುದು, ಕಮಲಾಪುರದ ದಿಕ್ಕಿನ ತಂತಿಮಾರ್ಗಗಳ ನಕ್ಷೆಯನ್ನು ಬೋಧಕರ ಕೈಗೆ ಕೊಡುವುದು, ಥ್ರಾಟಲ್ ಮುಚ್ಚುವ ಮುನ್ನ ಬಾಯಿಬಿಟ್ಟು ಹೇಳುವುದನ್ನು ಕಡ್ಡಾಯ ಮಾಡುವುದು ಆ ಕೇಂದ್ರದ ಮೊದಲ ಪುಟದ ನಿಯಮಗಳಾಗಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಯಂತ್ರ ಬೇಕಿಲ್ಲ. ಉಷ್ಣಮಾಪಕ, ನಕ್ಷೆ ಮತ್ತು ಬೋಧಕನಿಗೆ ಬೇಡವೆನ್ನುವ ಅಧಿಕಾರ ಇದ್ದರೆ ಸಾಕು.